ಪೊಲೀಸರ ಹೆಗಲಿಗೆ ಯಾವ ರೈಫಲ್?

ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಗುಂಡು ಹಾರಿಸಿ, ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಬಂದೂಕು ಅರೆ ಸ್ವಯಂಚಾಲಿತ ರೈಫಲ್. ಸಿಡಿದ ಮದ್ದಿನ ಅನಿಲದಲ್ಲಿ ಒಂದು ಪಾಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಖಾಲಿ ಕೇಸು ಹೊರಬೀಳುತ್ತದೆ, ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೊತ್ತಿ ಹೊಸ ತೋಟಾವನ್ನು ಒಳಸೇರಿಸುತ್ತದೆ. ಕರ್ನಾಟಕದ ಪೊಲೀಸರಿಗೆ ಇದರ ಪರಿಚಿತ ರೂಪ ಸೆಲ್ಫ್ ಲೋಡಿಂಗ್ ರೈಫಲ್, ಅಂದರೆ ಎಸ್‌ಎಲ್‌ಆರ್. ಬೆಲ್ಜಿಯಂನ ಎಫ್‌ಎಎಲ್ ಮಾದರಿಯ ಮೇಲೆ ಇಛಾಪುರದ ಕಾರ್ಖಾನೆ 1960ರ ದಶಕದಿಂದ ಸೇನೆಗಾಗಿ ತಯಾರಿಸಿದ ಬಂದೂಕಿದು. ಸೇನೆ ಹೊಸ ರೈಫಲ್ ಇನ್ಸಾಸ್‌ನತ್ತ ಹೊರಳಿದ ಮೇಲೆ ಪೊಲೀಸ್ ಶಸ್ತ್ರಾಗಾರಗಳಲ್ಲಿ ಇದು ಉಳಿದುಕೊಂಡಿತು. ಬಹುಕಾಲ ಪೊಲೀಸರ ಆಯ್ಕೆಯೆಂಬುದು ಆಯ್ಕೆಯೇ ಆಗಿರಲಿಲ್ಲ ಎನ್ನಬೇಕು. ಸೇನೆ ಬಳಸಿದ್ದು ತಡವಾಗಿ ಅವರ ಪಾಲಿಗೆ ಬರುತ್ತಿತ್ತು.

ಅದಕ್ಕೂ ಹಿಂದಿನದು .303 ಬೋರಿನ ರೈಫಲ್, ‘ತ್ರೀ ನಾಟ್ ತ್ರೀ’. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ ಈ ಬಂದೂಕಿನ ಮಿತಿ 2008ರ ನವೆಂಬರ್ 26ರಂದು ಮುಂಬೈಯ ಸಿಎಸ್‌ಟಿ ನಿಲ್ದಾಣದಲ್ಲಿ ದೇಶಕ್ಕೇ ಕಂಡಿತು. ಎ.ಕೆ. ರೈಫಲ್ ಹಿಡಿದ ಇಬ್ಬರು ಭಯೋತ್ಪಾದಕರ ಎದುರು ಅಲ್ಲಿನ ಪೊಲೀಸರ ಬಳಿ ಇದ್ದದ್ದು ಲಾಠಿ ಮತ್ತು ಅದೇ ಹಳೆಯ ಬಂದೂಕು. ಅಮೆರಿಕಕ್ಕೆ ಇಂಥ ಪಾಠ 1997ರಲ್ಲೇ ಆಗಿತ್ತು. ಲಾಸ್ ಏಂಜಲೀಸ್‌ನ ನಾರ್ತ್ ಹಾಲಿವುಡ್‌ನಲ್ಲಿ ಗುಂಡುನಿರೋಧಕ ಕವಚ ತೊಟ್ಟ ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಪೊಲೀಸರ ಪಿಸ್ತೂಲುಗಳು ತಡೆಯಲಾಗಲಿಲ್ಲ. ಅಲ್ಲಿಂದಾಚೆಗೆ ಗಸ್ತು ಕಾರುಗಳಿಗೂ ಅರೆ ಸ್ವಯಂಚಾಲಿತ ರೈಫಲ್ ಬಂತು.

ಆದರೆ ಬಲವಾದ ಬಂದೂಕು ಎಲ್ಲ ಕಡೆಗೂ ಹೊಂದುವುದಿಲ್ಲ. ಎಸ್‌ಎಲ್‌ಆರ್‌ನ 7.62 ಮಿ.ಮೀ. ಗುಂಡಿನ ತೂಕ ಒಂಬತ್ತು ಗ್ರಾಂಗೂ ಹೆಚ್ಚು. ಅದು ಕಿಲೋಮೀಟರುಗಟ್ಟಲೆ ಹೋಗಬಲ್ಲದು. ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶ ಜಿಗಣಿಯಂಥ ಕಡೆ ಅದು ಎಲ್ಲಿ ನಿಲ್ಲುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ತಗಡಿನ ಶೆಡ್ಡುಗಳು, ಅವುಗಳ ಬೆನ್ನಿಗೇ ಸಾಲು ಬಾಡಿಗೆ ಮನೆಗಳು, ಪಾಳಿ ಬಿಟ್ಟ ಹೊತ್ತಿನಲ್ಲಿ ಕಾರ್ಮಿಕರಿಂದ ತುಂಬುವ ರಸ್ತೆಗಳು: ಗುರಿ ತಪ್ಪಿದ ಗುಂಡಿಗೆ ಇಲ್ಲಿ ಖಾಲಿ ಜಾಗವಿಲ್ಲ. ಇನ್ಸಾಸ್‌ನ 5.56 ಮಿ.ಮೀ. ಗುಂಡಿನ ತೂಕ ಸುಮಾರು ನಾಲ್ಕು ಗ್ರಾಂ, ಶಕ್ತಿ ಹೆಚ್ಚುಕಡಿಮೆ ಅರ್ಧ, ಭುಜಕ್ಕೆ ಬೀಳುವ ಒದೆತವೂ ಕಡಿಮೆ. ತಗಡನ್ನು ಅದೂ ತೂರುತ್ತದೆ, ನಿಜ. ಆದರೂ ವರ್ಷಕ್ಕೆ ಕೆಲವೇ ಸುತ್ತು ಅಭ್ಯಾಸ ಮಾಡುವ ಪೇದೆಗೆ ಒದೆತ ಕಡಿಮೆಯಿರುವ ಬಂದೂಕಿನಲ್ಲಿ ಗುರಿ ಹಿಡಿಯುವುದು ಸುಲಭ. ಒಂದು ಮೀಟರಿಗೂ ಉದ್ದದ, ನಾಲ್ಕು ಕಿಲೋ ಮೀರಿದ ಎಸ್‌ಎಲ್‌ಆರ್ ಜೀಪಿನಿಂದ ಇಳಿಯುವಾಗ, ಮೆಟ್ಟಿಲು ಹತ್ತುವಾಗ ತೊಡರುತ್ತದೆ.

ಒಂದು ಎಳೆತಕ್ಕೆ ಒಂದು ಗುಂಡು ಎಂಬ ನಿಯಮಕ್ಕೆ ಕಾರಣ ಲೆಕ್ಕ ಒಪ್ಪಿಸುವ ಹೊಣೆ. ಸೈನಿಕ ಶತ್ರುವನ್ನು ತಲೆಯೆತ್ತದಂತೆ ಮಾಡಲು ಗುಂಡಿನ ಮಳೆ ಸುರಿಸಬಹುದು. ಪೊಲೀಸನಿಗೆ ಆ ಸೌಲಭ್ಯವಿಲ್ಲ. ಹಾರಿಸಿದ ಪ್ರತಿ ಸುತ್ತಿಗೂ ಅವನು ಉತ್ತರ ಕೊಡಬೇಕು. ಅಭ್ಯಾಸದ ಮೈದಾನದಲ್ಲೂ ಖಾಲಿ ಕೇಸುಗಳನ್ನು ಎಣಿಸಿ ಒಪ್ಪಿಸಬೇಕು. ಆದ್ದರಿಂದಲೇ ಮೂರು ಗುಂಡುಗಳ ಬರ್ಸ್ಟ್ ಸೌಲಭ್ಯವಿದ್ದರೂ ಇನ್ಸಾಸ್ ಪೊಲೀಸರಿಗೆ ಸಹಜವಾಗಿ ಒದಗುವುದು ಒಂಟಿ ಗುಂಡಿನ ಬಂದೂಕಾಗಿಯೇ.

ಖರೀದಿಯಲ್ಲಿ ಬಂದೂಕಿಗಿಂತ ಅದರ ಹಿಂದಿನ ಸರಂಜಾಮು ದೊಡ್ಡದು. ಗುಂಡಿನ ಅಳತೆ ಬದಲಾದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ದಾಸ್ತಾನು, ಮ್ಯಾಗಜಿನ್, ಬಿಡಿಭಾಗ, ಬಂದೂಕು ದುರಸ್ತಿ ಮಾಡುವ ಆರ್ಮರರ್‌ಗಳ ತರಬೇತಿ ಎಲ್ಲವೂ ಬದಲಾಗಬೇಕು. ಕೇಂದ್ರ ಗೃಹ ಸಚಿವಾಲಯದ ಆಧುನೀಕರಣ ಅನುದಾನ ಇದಕ್ಕೆ ನೆರವಾಗುತ್ತದೆ. ಮಾರುವವರು ಬಹುಕಾಲ ಸರ್ಕಾರಿ ಆರ್ಡ್ನನ್ಸ್ ಕಾರ್ಖಾನೆಗಳೇ ಆಗಿದ್ದರು. ಅವುಗಳನ್ನು ನಡೆಸುತ್ತಿದ್ದ ಮಂಡಳಿ 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ಒಡೆಯಿತು. ಈಗ ಖಾಸಗಿಯವರೂ ಇದ್ದಾರೆ, ಅವರಲ್ಲೊಬ್ಬರು ಜಿಗಣಿಯಲ್ಲೇ. ಸ್ಪ್ರಿಂಗ್ ತಯಾರಿಕೆಯ ಬೆಂಗಳೂರಿನ ಸ್ಟಂಪ್ ಷೂಲೆ ಅಂಡ್ ಸೋಮಪ್ಪ ಬಳಗದ ಎಸ್‌ಎಸ್‌ಎಸ್ ಡಿಫೆನ್ಸ್ ಇಲ್ಲಿ ಬಂದೂಕು ತಯಾರಿಸುತ್ತದೆ. ಪಿ-72 ಅದರ ರೈಫಲ್ ಸರಣಿ. ಸ್ಪ್ರಿಂಗ್ ಮನೆತನ ಬಂದೂಕಿಗೆ ಕೈಹಾಕಿದ್ದು ಅಷ್ಟೇನೂ ಅಚ್ಚರಿಯಲ್ಲ. ಬೋಲ್ಟಿನ ಅಥವಾ ಮ್ಯಾಗಜಿನ್ನಿನ ಸ್ಪ್ರಿಂಗು ಸೋತರೆ ಎಷ್ಟೇ ದುಬಾರಿ ರೈಫಲ್ ಆದರೂ ಕೈಕೊಡುತ್ತದೆ.

ಕೆಲಸ ಬದಲಾದರೆ ಆಯ್ಕೆಯೂ ಬದಲಾಗಬೇಕು. ಕಾರ್ಕಳ ಕೇಂದ್ರವಾಗಿದ್ದ ನಕ್ಸಲ್ ನಿಗ್ರಹ ಪಡೆಗೆ ಮಲೆನಾಡಿನ ಕಾಡೇ ಕಾರ್ಯಕ್ಷೇತ್ರವಾಗಿತ್ತು. ಅಲ್ಲಿ ದೂರ ಹೊಡೆಯುವ, ಮಳೆ ಕೆಸರು ತಡೆಯುವ ರೈಫಲ್ ಬೇಕಿತ್ತು. 2025ರಲ್ಲಿ ಆ ಪಡೆಯ ಒಂದು ಭಾಗದ ಸಿಬ್ಬಂದಿಯನ್ನು ತೆಗೆದು ಕರಾವಳಿಯ ಕೋಮುಗಲಭೆ ತಡೆಗೆ ವಿಶೇಷ ಕಾರ್ಯಪಡೆ ಕಟ್ಟಲಾಯಿತು. ಬೀದಿಯ ಗುಂಪಿನ ಎದುರು ಲಾಠಿ, ಗುರಾಣಿ, ಅಶ್ರುವಾಯುವಿನ ನಂತರವೇ ರೈಫಲ್ಲಿನ ಸರದಿ.