ಕಂಪನವನ್ನು ನುಂಗುವ ಚಕ್ರ

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳು ನಮ್ಮ ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ಕಡ್ಡಾಯ ವಿಶ್ರಾಂತಿಯ ಕಾಲ. ಮೀನು ಮೊಟ್ಟೆಯಿಡುವ ಹೊತ್ತಿನಲ್ಲಿ ಬಲೆ ಎಳೆಯಬಾರದೆಂದು ಸರ್ಕಾರ ವಿಧಿಸಿರುವ ನಿಷೇಧವದು. ಕಡಲೂ ಆಗ ಯಾರನ್ನೂ ಹತ್ತಿರ ಬರಗೊಡುವುದಿಲ್ಲ. ಉಡುಪಿಗೆ ಸಮೀಪದ ಮಲ್ಪೆಯ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ಮಳೆಯಲ್ಲಿ ತೊಯ್ಯುತ್ತ ನಿಂತಿರುತ್ತವೆ. ದಡದಲ್ಲಿ ಕೆಲವರು ಹರಿದ ಬಲೆಯನ್ನು ಹೆಣೆಯುತ್ತಾರೆ, ಕೆಲವರು ಬಣ್ಣ ಬಳಿಯುತ್ತಾರೆ; ಬೋಟಿನ ಹೊಟ್ಟೆಯೊಳಗೆ ಇಳಿದವರು ಎಂಜಿನಿನ ಯೋಗಕ್ಷೇಮ ವಿಚಾರಿಸುತ್ತಾರೆ. ಒಮ್ಮೆ ಕಡಲಿಗೆ ಹೋದರೆ ವಾರಕ್ಕೂ ಹೆಚ್ಚು ಕಾಲ ದಡ ಕಾಣದೆ ದುಡಿಯುವ ಬೋಟುಗಳಿವೆ. ಅಲ್ಲಿ ಎಂಜಿನು ನಿಂತರೆ ಕೂಗಿ ಕರೆಯಲು ನೆರೆಮನೆಯಿಲ್ಲ.

ಅಂತಹ ಒಂದು ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಆ ದಕ್ಕೆಯಲ್ಲಿ ನುರಿತ ಮೆಕ್ಯಾನಿಕ್, ನನ್ನನ್ನು ತಾನು ದುರಸ್ತಿ ಮಾಡುತ್ತಿದ್ದ ಬೋಟಿಗೆ ಕರೆದೊಯ್ದ. ಆರು ಸಿಲಿಂಡರಿನ ಡೀಸೆಲ್ ಎಂಜಿನು. ತಾಂಡೇಲರ ದೂರು ವಿಚಿತ್ರವಾಗಿತ್ತು. ಒಂದೇ ಋತುವಿನಲ್ಲಿ ಮೂರು ಬಾರಿ ಬೆಲ್ಟು ತುಂಡಾಗಿತ್ತು. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಎಂಜಿನಿನ ಮುಂಭಾಗದಿಂದ ಗೊರಗೊರ ಸದ್ದು ಬರುತ್ತಿತ್ತು; ವೇಗ ಏರಿಸಿದರೆ ಅಥವಾ ಇಳಿಸಿದರೆ ಸದ್ದು ಮಾಯ. ಹಿಂದೆ ನೋಡಿದವರೊಬ್ಬರು ಎರಡು ದಿನ ಕುಳಿತು ಇಂಧನ ಚಿಮ್ಮುವ ಸಮಯವನ್ನು ಸರಿಪಡಿಸಿ ಹೋದ ಮೇಲೆ ಎಂಜಿನು ಮೊದಲಿಗಿಂತ ಹೆಚ್ಚು ಹೊಗೆಯುಗುಳತೊಡಗಿತ್ತು. ನನ್ನ ವಿದ್ಯಾರ್ಥಿ ಟಾರ್ಚನ್ನು ಎಂಜಿನಿನ ಮುಂತುದಿಯ ಒಂದು ದುಂಡು ಚಕ್ರದತ್ತ ಹಿಡಿದು, “ಮಾಷ್ಟ್ರೇ, ರೋಗ ಇರುವುದು ಇಲ್ಲಿ” ಎಂದ.

ಆ ಚಕ್ರದ ಕೆಲಸವೇನೆಂದು ತಿಳಿಯಬೇಕಾದರೆ ಎಂಜಿನಿನ ಬೆನ್ನೆಲುಬಾದ ಕ್ರ್ಯಾಂಕ್ ಶಾಫ್ಟಿನ ಸ್ವಭಾವವನ್ನು ತಿಳಿಯಬೇಕು. ಪಿಸ್ಟನ್ನುಗಳ ಏರಿಳಿತವನ್ನು ತಿರುಗಾಟವಾಗಿ ಮಾರ್ಪಡಿಸುವ ಉಕ್ಕಿನ ದಂಡ ಅದು. ನೋಡಲು ಅಲುಗದ ಬಂಡೆಯಂತಿದ್ದರೂ ಉಕ್ಕಿಗೂ ಸ್ಥಿತಿಸ್ಥಾಪಕ ಗುಣವುಂಟು. ಒದ್ದೆ ಬಟ್ಟೆಯನ್ನು ಹಿಂಡುವಾಗ ನಾವು ಅದರ ಎರಡು ತುದಿಗಳನ್ನು ವಿರುದ್ಧ ದಿಕ್ಕಿಗೆ ತಿರುಚುತ್ತೇವಷ್ಟೆ. ಸಿಲಿಂಡರಿನಲ್ಲಿ ಇಂಧನ ಸಿಡಿದಾಗಲೆಲ್ಲ ಶಾಫ್ಟು ಹಾಗೆಯೇ, ಆದರೆ ಕಣ್ಣಿಗೆ ಕಾಣದಷ್ಟು ಅಲ್ಪವಾಗಿ, ತಿರುಚಿಕೊಂಡು ಮರುಕ್ಷಣ ಹಿಂದಕ್ಕೆ ಬರುತ್ತದೆ. ನಾಲ್ಕು ಹೊಡೆತಗಳ ಆರು ಸಿಲಿಂಡರ್ ಎಂಜಿನಿನಲ್ಲಿ ಶಾಫ್ಟು ಒಂದು ಸುತ್ತು ತಿರುಗುವಷ್ಟರಲ್ಲಿ ಮೂರು ಸಿಡಿತಗಳಾಗುತ್ತವೆ. ನಿಮಿಷಕ್ಕೆ 1800 ಸುತ್ತು ತಿರುಗುವಾಗ ಸೆಕೆಂಡಿಗೆ 90 ಬಾರಿ ಈ ಹಿಂಡಾಟ. ಶಾಫ್ಟಿನ ಹಿಂತುದಿಯಲ್ಲಿ ಭಾರವಾದ ಫ್ಲೈವೀಲ್ ಇರುವುದರಿಂದ ಆ ಕಡೆ ಹೆಚ್ಚು ಅಲುಗದು. ಹಗುರವಾದ ಮುಂತುದಿಯೇ ಹೆಚ್ಚು ತೊಯ್ದಾಡುವುದು.

ಇಷ್ಟೇ ಆಗಿದ್ದರೆ ಶಾಫ್ಟು ಸಹಿಸಿಕೊಂಡೀತು. ತೊಂದರೆ ಬರುವುದು ಅನುರಣನದಿಂದ. ನಾಗಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಜೋಕಾಲಿ ಹಿಂದಕ್ಕೆ ಬಂದು ಮುಂದಕ್ಕೆ ಹೊರಡುವ ಸರಿಯಾದ ಕ್ಷಣದಲ್ಲಿ ಪುಟ್ಟ ಹುಡುಗಿಯೊಬ್ಬಳು ಬೆರಳಿನಿಂದ ನೂಕುತ್ತಿದ್ದರೂ ಸಾಕು, ಕೆಲವೇ ನೂಕುಗಳಲ್ಲಿ ಅದು ಮರದ ಕೊಂಬೆಯ ಎತ್ತರಕ್ಕೆ ಏರುತ್ತದೆ. ಪ್ರತಿಯೊಂದು ಶಾಫ್ಟಿಗೂ ತನ್ನದೇ ಆದ ಸ್ವಾಭಾವಿಕ ಆವೃತ್ತಿಯುಂಟು. ಸಿಡಿತಗಳ ಲಯ ಆ ಆವೃತ್ತಿಗೆ ಹೊಂದಿಕೊಂಡಾಗ ಅಲ್ಪವಾದ ತಿರುಚು ಬೆಳೆಬೆಳೆದು ಅಪಾಯದ ಮಟ್ಟವನ್ನು ಮುಟ್ಟುತ್ತದೆ. ತಾಂಡೇಲರು ಹೇಳಿದ ‘ಒಂದೇ ವೇಗದಲ್ಲಿ ಬರುವ ಸದ್ದಿ’ನ ಗುಟ್ಟು ಇದೇ.

ಈ ಜೋಕಾಲಿಯ ಜೋರನ್ನು ತಗ್ಗಿಸುವುದಕ್ಕಾಗಿ ಶಾಫ್ಟಿನ ಮುಂತುದಿಗೆ ತೊಡಿಸಿದ ಚಕ್ರವೇ ಹಾರ್ಮೋನಿಕ್ ಬ್ಯಾಲೆನ್ಸರ್. ದಕ್ಕೆಯಲ್ಲಿ ಅದನ್ನು ಡ್ಯಾಂಪರ್ ಎನ್ನುತ್ತಾರೆ. ಅದರ ರಚನೆ ಬಲು ಸರಳ. ಶಾಫ್ಟಿಗೆ ಬಿಗಿದ ಗುಂಬ ಒಳಗೆ, ಭಾರವಾದ ಲೋಹದ ಬಳೆ ಹೊರಗೆ, ಎರಡಕ್ಕೂ ನಡುವೆ ಬಿಗಿಯಾಗಿ ಕುಳಿತ ರಬ್ಬರಿನ ಉಂಗುರ. ನಿಂತ ಬಸ್ಸು ಥಟ್ಟನೆ ಮುಂದಕ್ಕೆ ಸರಿದಾಗ ಒಳಗೆ ನಿಂತವರು ಹಿಂದಕ್ಕೆ ವಾಲುವುದಿಲ್ಲವೆ? ಹಾಗೆಯೇ ಶಾಫ್ಟು ಥಟ್ಟನೆ ಮುಂದಕ್ಕೆ ತಿರುಚಿದಾಗ ಹೊರಬಳೆ ತನ್ನ ಜಡತ್ವದಿಂದ ಹಿಂದುಳಿಯುತ್ತದೆ. ಶಾಫ್ಟು ಹಿಂದಕ್ಕೆ ಬಂದಾಗ ಬಳೆ ಮುಂದಕ್ಕೆ ಹೋಗಲು ಹವಣಿಸುತ್ತದೆ. ಈ ಎಳೆದಾಟದಲ್ಲಿ ರಬ್ಬರು ಹಿಗ್ಗಿ ಕುಗ್ಗಿ, ಕಂಪನದ ಶಕ್ತಿಯನ್ನು ಶಾಖವಾಗಿ ಕರಗಿಸಿಬಿಡುತ್ತದೆ.

‘ಬ್ಯಾಲೆನ್ಸರ್’ ಎಂಬ ಹೆಸರು ನನಗೆ ಒಪ್ಪಿಗೆಯಿಲ್ಲ. ತೂಕವನ್ನು ಸರಿದೂಗಿಸುವುದು ಈ ಸಾಧನದ ಮುಖ್ಯ ಕೆಲಸವಲ್ಲ. ತಿರುಚಿನ ಕಂಪನವನ್ನು ಶಮನಗೊಳಿಸುವುದು ಅದರ ಕೆಲಸ. ಅಗ್ನಿಶಾಮಕವೆಂಬ ಮಾತು ನಮ್ಮಲ್ಲಿ ರೂಢವಾಗಿರುವಾಗ ಇದನ್ನು ಕಂಪನಶಾಮಕವೆಂದು ಕರೆದರೆ ತಪ್ಪೇನು? ನನ್ನ ವಿದ್ಯಾರ್ಥಿ ಈ ಪದವನ್ನು ಕೇಳಿ ನಕ್ಕ, ಆದರೆ ಡ್ಯಾಂಪರನ್ನು ಬಿಡಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆರು ಸಿಲಿಂಡರಿನ ಕಾರುಗಳು ಬಂದಾಗ ಅವುಗಳ ಉದ್ದನೆಯ ಶಾಫ್ಟುಗಳು ಈ ಕಂಪನಕ್ಕೆ ಸಿಕ್ಕಿ ಮುರಿಯುತ್ತಿದ್ದವು. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ (1868–1946) 1910ರಲ್ಲಿ ಇದಕ್ಕೊಂದು ಶಾಮಕವನ್ನು ರೂಪಿಸಿದನು. ಆತನ ಸಾಧನದಲ್ಲಿ ರಬ್ಬರಿರಲಿಲ್ಲ. ತಟ್ಟೆಗಳ ನಡುವಿನ ಘರ್ಷಣೆಯೇ ಕಂಪನವನ್ನು ನುಂಗುತ್ತಿತ್ತು. ಇಂದು ಕೆಲವು ದೊಡ್ಡ ಎಂಜಿನುಗಳಲ್ಲಿ ರಬ್ಬರಿಗೆ ಬದಲು, ಮುಚ್ಚಿದ ಕವಚದೊಳಗೆ ಮಂದವಾದ ಸಿಲಿಕೋನ್ ದ್ರವವಿರುತ್ತದೆ.

ಎಂಜಿನಿಗೆ ಈ ಚಕ್ರ ಶಕ್ತಿಯನ್ನು ಕೊಡುವುದಿಲ್ಲ. ಆದುದರಿಂದಲೇ ಅದು ಸತ್ತರೂ ಎಂಜಿನು ನಿಲ್ಲುವುದಿಲ್ಲ. ಇಂಧನ ಮುಗಿದರೆ ನಿಲ್ಲುವ, ನೀರು ಕಡಿಮೆಯಾದರೆ ಕಾಯುವ ಎಂಜಿನು, ಡ್ಯಾಂಪರು ಕೆಟ್ಟರೆ ಮಾತ್ರ ಏನೂ ಆಗದವರಂತೆ ಓಡುತ್ತಲೇ ಇರುತ್ತದೆ. ಉಪ್ಪುಗಾಳಿಗೆ ಲೋಹ ತುಕ್ಕು ಹಿಡಿದು ರಬ್ಬರಿನ ಹಿಡಿತ ಬಿಡುತ್ತದೆ. ತೊಟ್ಟಿಕ್ಕುವ ಎಣ್ಣೆ ಮತ್ತು ಡೀಸೆಲು ರಬ್ಬರನ್ನು ಮೆತ್ತಗಾಗಿಸುತ್ತವೆ. ಶಾಖ ಅದನ್ನು ಗಡುಸಾಗಿಸಿ ಸೀಳುತ್ತದೆ. ಇತ್ತ ಕಾವಲುಗಾರನಿಲ್ಲದ ಶಾಫ್ಟು ಸೆಕೆಂಡಿಗೆ ಹತ್ತಾರು ಬಾರಿ ತಿರುಚಿಕೊಂಡು ದಣಿಯುತ್ತದೆ. ಕಬ್ಬಿಣದ ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯದು, ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುತ್ತದೆ. ಲೋಹದ ದಣಿವೆಂದರೆ ಇದೇ.

ಹಾಗೆ ಮುರಿದ ಶಾಫ್ಟಿನ ತುಂಡೊಂದು ಅವನ ಅಂಗಡಿಯಲ್ಲಿತ್ತು. ಬಿರುಕು ನೇರವಾಗಿರದೆ ಓರೆಯಾಗಿ ಹಾದಿತ್ತು. ಮುರಿದ ಮುಖದ ಬಹುಭಾಗ ನುಣುಪಾಗಿದ್ದು, ಇಳಿತದ ಅಲೆಗಳು ಮರಳಿನ ಮೇಲೆ ಬಿಟ್ಟುಹೋಗುವಂತಹ ಗೆರೆಗಳು ಅದರಲ್ಲಿ ಒಂದರ ಹಿಂದೊಂದು ಮೂಡಿದ್ದವು. ಒಂದು ಮೂಲೆ ಮಾತ್ರ ಒರಟಾಗಿ, ಹರಳುಹರಳಾಗಿತ್ತು. ನುಣುಪು ಭಾಗ ತಿಂಗಳುಗಟ್ಟಲೆ ಮೆಲ್ಲನೆ ಬೆಳೆದ ಬಿರುಕು. ಒರಟು ಮೂಲೆ ಕೊನೆಯ ಕ್ಷಣದಲ್ಲಿ ಕಿತ್ತುಹೋದ ಭಾಗ. ಆ ಬೋಟು ನಡುಗಡಲಿನಲ್ಲಿ ನಿಂತಿತ್ತೆಂದೂ, ಇನ್ನೊಂದು ಬೋಟು ಹಗ್ಗ ಕಟ್ಟಿ ಎಳೆದು ತರುವವರೆಗೆ ಅದರಲ್ಲಿದ್ದವರು ಒಂದು ಹಗಲು ಒಂದು ರಾತ್ರಿ ತೇಲುತ್ತಲೇ ಇದ್ದರೆಂದೂ ಅವನು ಹೇಳಿದ.

ರೋಗವನ್ನು ಗುರುತಿಸುವಾಗ ಮೊದಲು ಮಾಡಬೇಕಾದುದು ಅನ್ಯ ಕಾರಣಗಳನ್ನು ತಳ್ಳಿಹಾಕುವುದು. ಬೋಟು ನಡುಗಿದರೆ ಪ್ರೊಪೆಲ್ಲರಿಗೆ ಹಗ್ಗ ಸುತ್ತಿರಬಹುದು, ಅದರ ಅಲಗು ಬಾಗಿರಬಹುದು, ಎಂಜಿನ್ ಕುಳಿತ ರಬ್ಬರಿನ ಮೆತ್ತೆಗಳು ಜಜ್ಜಿರಬಹುದು. ಬೋಟನ್ನು ದಕ್ಕೆಗೆ ಕಟ್ಟಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಎಂಜಿನಿನ ವೇಗವನ್ನು ನಿಧಾನವಾಗಿ ಏರಿಸಬೇಕು. ನಡುಕ ಮಾಯವಾದರೆ ದೋಷವನ್ನು ಗೇರ್ ಬಾಕ್ಸಿನ ಹಿಂದೆ ಹುಡುಕುವುದು ಲೇಸು. ಹಾಗೆಯೇ ಉಳಿದರೆ ಎಂಜಿನನ್ನೇ ನೋಡಬೇಕು. ಆದರೆ ಇಲ್ಲೊಂದು ಎಚ್ಚರಿಕೆ. ಬೋಟಿನ ನಡುಕ ಬೇರೆ, ಶಾಫ್ಟಿನ ತಿರುಚು ಬೇರೆ. ಶಾಫ್ಟು ತನ್ನೊಳಗೇ ನವೆಯುತ್ತಿದ್ದರೂ ಎಂಜಿನಿನ ಮೈ ಮೇಲೆ ಕೈಯಿಟ್ಟವನಿಗೆ ಏನೂ ತಿಳಿಯದಿರಬಹುದು. ಆದುದರಿಂದ ನಡುಕವಿಲ್ಲವೆಂದ ಮಾತ್ರಕ್ಕೆ ಡ್ಯಾಂಪರು ಸರಿಯಿದೆಯೆಂದು ತೀರ್ಮಾನಿಸಲಾಗದು. ಕಣ್ಣಿನಿಂದ ನೋಡಿಯೇ ತಿಳಿಯಬೇಕು.

ಎಂಜಿನನ್ನು ನಿಲ್ಲಿಸಿ, ಮುಂದಿನ ರಕ್ಷಣಾ ಕವಚವನ್ನು ತೆಗೆದು ಅವನು ತೋರಿಸಿದ. ರಬ್ಬರು ಒಂದು ಕಡೆ ಉಬ್ಬಿ ಹೊರಗೆ ಬಂದಿತ್ತು, ಇನ್ನೊಂದು ಕಡೆ ಬಿರುಕು ಬಿಟ್ಟಿತ್ತು. ಹೊರಬಳೆ ಗುಂಬಕ್ಕಿಂತ ತುಸು ಮುಂದಕ್ಕೆ ಸರಿದು, ಬೆಲ್ಟಿನ ದಾರಿ ಸೊಟ್ಟಗಾಗಿತ್ತು. ಬೆಲ್ಟುಗಳು ಒಂದಾದ ಮೇಲೊಂದು ಹರಿದುದಕ್ಕೆ ಕಾರಣ ಸಿಕ್ಕಿತು. ಸುತ್ತಲೂ ಬಿದ್ದಿದ್ದ ಕರಿಯ ಪುಡಿ ಅದಕ್ಕೆ ಸಾಕ್ಷಿ.

ಬಳೆ ಸುತ್ತಲೂ ಜಾರಿದೆಯೆ ಎಂದು ತಿಳಿಯಲು ಒಂದು ಸುಲಭ ಉಪಾಯವುಂಟು. ಗುಂಬ, ರಬ್ಬರು, ಬಳೆ ಮೂರನ್ನೂ ದಾಟುವಂತೆ ಬಿಳಿಯ ಬಣ್ಣದಿಂದ ಒಂದು ನೇರ ಗೆರೆ ಎಳೆಯಬೇಕು. ಎಂಜಿನನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ ನೋಡಬೇಕು. ಗೆರೆ ಮುರಿದಿದ್ದರೆ ಬಳೆ ಜಾರಿದೆಯೆಂದೇ ಅರ್ಥ. ಎಂಜಿನು ಓಡುವಾಗ ದೂರದಿಂದಲೇ ಬಳೆಯ ಅಂಚನ್ನು ಗಮನಿಸಿದರೆ ಅದು ಅತ್ತಿತ್ತ ಓಲಾಡುವುದೂ ಕಾಣುತ್ತದೆ. ಹೆಗಲ ಮೇಲೆ ಬೈರಾಸು ಹಾಕಿಕೊಂಡು, ಲುಂಗಿಯುಟ್ಟು ಅದರ ಬಳಿಗೆ ಬಾಗುವುದು ಮಾತ್ರ ಕೂಡದು. ಬೆಲ್ಟು ಬಟ್ಟೆಯನ್ನು ಎಳೆದುಕೊಂಡರೆ ಕೈಯನ್ನೂ ಬಿಡುವುದಿಲ್ಲ.

ಹಿಂದಿನವರ ಎರಡು ದಿನಗಳ ಶ್ರಮ ವ್ಯರ್ಥವಾದ ಕಥೆಯೂ ಇಲ್ಲಿಯೇ ಬಗೆಹರಿಯಿತು. ಇಂಧನ ಚಿಮ್ಮುವ ಸಮಯವನ್ನು ಹೊಂದಿಸಲು ಬೇಕಾದ ಡಿಗ್ರಿಯ ಗುರುತುಗಳು ಆ ಎಂಜಿನಿನಲ್ಲಿ ಹೊರಬಳೆಯ ಮೇಲಿದ್ದವು. ಬಳೆಯೇ ಜಾರಿದ ಮೇಲೆ ಗುರುತು ಸತ್ಯ ಹೇಳುವುದೆಂತು? ನನ್ನ ವಿದ್ಯಾರ್ಥಿ ಮೊದಲನೆಯ ಸಿಲಿಂಡರಿನ ಇಂಜೆಕ್ಟರನ್ನು ಬಿಚ್ಚಿ, ಆ ರಂಧ್ರದಿಂದ ಅಳತೆಯ ಕಡ್ಡಿಯನ್ನಿಳಿಸಿ, ಶಾಫ್ಟನ್ನು ಕೈಯಿಂದ ತಿರುಗಿಸುತ್ತ ಪಿಸ್ಟನ್ನು ನಿಜವಾಗಿ ಮೇಲ್ತುದಿಗೆ ಬರುವ ಸ್ಥಾನವನ್ನು ಕಂಡುಕೊಂಡ. ಬಳೆಯ ಗುರುತು ಅಲ್ಲಿಂದ ಎರಡು ಬೆರಳಿನಷ್ಟು ದೂರದಲ್ಲಿತ್ತು. ಸುಳ್ಳು ಗಡಿಯಾರವನ್ನು ನಂಬಿ ಊರಿನ ಗಂಟೆಗಳನ್ನೆಲ್ಲ ಬದಲಿಸಿದಂತಾಗಿತ್ತು.

ದ್ರವ ತುಂಬಿದ ಡ್ಯಾಂಪರಿನಲ್ಲಿ ಈ ಯಾವ ಚಿಹ್ನೆಯೂ ಕಾಣಿಸದು. ವರ್ಷಗಳುರುಳಿದಂತೆ ಒಳಗಿನ ದ್ರವ ಗಟ್ಟಿಯಾಗುತ್ತದೆ, ಹೊರಗಿನ ಕವಚ ಮಾತ್ರ ಹಾಗೆಯೇ ಹೊಳೆಯುತ್ತಿರುತ್ತದೆ. ತಯಾರಕರು ವಿಧಿಸಿದಷ್ಟು ಗಂಟೆಗಳು ದುಡಿದ ಮೇಲೆ ಅದನ್ನು ಬದಲಿಸಲೇಬೇಕು. ಕವಚಕ್ಕೆ ಸುತ್ತಿಗೆಯ ಏಟೊಂದು ಬಿದ್ದು ತಗ್ಗಾದರೂ ಒಳಗಿನ ಬಳೆ ಸಿಕ್ಕಿಕೊಳ್ಳುತ್ತದೆ.

ಬದಲಿಸುವ ಕೆಲಸಕ್ಕೆ ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು. ಬೋಟಿನಲ್ಲಿ ಎಂಜಿನಿನ ಮುಂದೆ ಮನುಷ್ಯ ಮಂಡಿಯೂರುವಷ್ಟು ಜಾಗವಿದ್ದರೆ ಅದೇ ಭಾಗ್ಯ. ಎಂಜಿನು ತಣಿದ ಮೇಲೆ ಮೊದಲು ಬ್ಯಾಟರಿಯ ತಂತಿಯನ್ನು ಕಳಚಿದರು. ಬೆಲ್ಟುಗಳನ್ನು ಸಡಿಲಿಸಿ ತೆಗೆದರು. ಶಾಫ್ಟು ತಿರುಗದಂತೆ ಹಿಂದೆ ಫ್ಲೈವೀಲಿನ ಹಲ್ಲುಗಳಿಗೆ ತಡೆಯಿಟ್ಟು, ನಡುವಿನ ಬೋಲ್ಟನ್ನು ಉದ್ದನೆಯ ಹಿಡಿಯ ಪಾನಾದಿಂದ ಬಿಚ್ಚಿದರು. ಕೆಲವು ಎಂಜಿನುಗಳಲ್ಲಿ ಒಂದರ ಬದಲು ನಾಲ್ಕಾರು ಬೋಲ್ಟುಗಳಿರುವುದುಂಟು. ಆಮೇಲೆ ಪುಲ್ಲರನ್ನು ಗುಂಬದ ತಿರುಪು ರಂಧ್ರಗಳಿಗೇ ಜೋಡಿಸಿ ಮೆಲ್ಲನೆ ಎಳೆದರು. ಹೊರಬಳೆಗೆ ಕೊಕ್ಕೆ ಹಾಕಿ ಎಳೆದರೆ ರಬ್ಬರು ಹರಿದು ಬಳೆಯೊಂದೇ ಕೈಗೆ ಬರುತ್ತದೆ. ಹಿಂದಿನಿಂದ ಸುತ್ತಿಗೆಯಲ್ಲಿ ಬಡಿಯುವುದು ಇನ್ನೂ ಕೆಟ್ಟದ್ದು. ಏಟು ಶಾಫ್ಟಿನ ಮೂಲಕ ಒಳಗಿನ ಬೇರಿಂಗುಗಳಿಗೆ ತಲುಪುತ್ತದೆ.

ಹಳೆಯದು ಹೊರಬಂದ ಮೇಲೆ ಅವನು ಹೊಸದನ್ನು ತೊಡಿಸುವ ಆತುರ ತೋರಲಿಲ್ಲ. ಶಾಫ್ಟಿನ ಮೂಗನ್ನು ಒರೆಸಿ, ಕೀಲಿ ಕೂರುವ ಗಾಡಿಯಲ್ಲಿ ಬಿರುಕಿದೆಯೆ ಎಂದು ಉಗುರಿನಿಂದ ಸವರಿ, ಮತ್ತೆ ಭೂತಗನ್ನಡಿಯಿಂದ ಪರೀಕ್ಷಿಸಿದ. ಆಯಿಲ್ ಸೀಲು ಸವೆದಿತ್ತು; ಅದನ್ನು ಬದಲಿಸಿ ಅಂಚಿಗೆ ತೆಳುವಾಗಿ ಎಣ್ಣೆ ಸವರಿದ. ಮಾಲೀಕರು ಇನ್ನೊಂದು ಎಂಜಿನಿನಿಂದ ತೆಗೆದ, ಅಳತೆಗೆ ಸರಿಹೊಂದುವ ಹಳೆಯ ಡ್ಯಾಂಪರೊಂದನ್ನು ತಂದಿದ್ದರು. ಅವನು ಒಪ್ಪಲಿಲ್ಲ. ಬಳೆಯ ತೂಕ, ರಬ್ಬರಿನ ಗಡುಸುತನ ಇವೆರಡನ್ನೂ ತಂಬೂರಿಯ ತಂತಿಯಂತೆ ಒಂದು ನಿರ್ದಿಷ್ಟ ಶಾಫ್ಟಿಗೆ ಶ್ರುತಿ ಮಾಡಿರುತ್ತಾರೆ. ಅಳತೆ ಒಂದೇ ಆದರೂ ಶ್ರುತಿ ಬೇರೆಯಾದರೆ ಆ ಚಕ್ರದಿಂದ ಪ್ರಯೋಜನವಿಲ್ಲ. ಮಾಲೀಕರು ಮುಖ ಗಂಟಿಕ್ಕಿದರು. ಮೀನಿಲ್ಲದ ಎರಡು ತಿಂಗಳಲ್ಲಿ ಹಣದ ಮುಗ್ಗಟ್ಟು ಎಲ್ಲರಿಗೂ ಇರುವುದೇ. ಅವನು ಉತ್ತರ ಹೇಳದೆ, ಅಂಗಡಿಯಿಂದ ಆ ಮುರಿದ ಶಾಫ್ಟಿನ ತುಂಡನ್ನು ತರಿಸಿ ಅವರ ಕೈಗಿಟ್ಟ. ನಾಲ್ಕು ದಿನಗಳಲ್ಲಿ ಆ ಎಂಜಿನಿಗೇ ಸೇರಿದ ಹೊಸ ಡ್ಯಾಂಪರು ಬಂತು.

ಅದನ್ನು ಬಡಿದು ಕೂರಿಸದೆ, ತಿರುಪಿನ ಸಾಧನದಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಒಳಗೆ ಸೇರಿಸಿದರು. ಹೊಸ ಬೋಲ್ಟು ಹಾಕಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯನ್ನು ಟಾರ್ಕ್ ವ್ರೆಂಚಿನಿಂದ ಕೊಟ್ಟರು. ಗುರುತು ಈಗ ಪಿಸ್ಟನ್ನಿನ ಮೇಲ್ತುದಿಗೆ ಸರಿಯಾಗಿ ಕೂಡಿಕೊಂಡಿತು. ಇಂಧನ ಚಿಮ್ಮುವ ಸಮಯವನ್ನು ಮತ್ತೆ ಮೊದಲಿನ ಸ್ಥಾನಕ್ಕೆ ತಂದರು. ಬೆಲ್ಟುಗಳ ಸಾಲು ನೇರವಿದೆಯೆಂದು ದಾರ ಹಿಡಿದು ನೋಡಿ, ಹೊಸ ಚಕ್ರದ ಮೇಲೆಯೂ ಒಂದು ಬಿಳಿಯ ಗೆರೆ ಎಳೆದರು.

ಆಗಸ್ಟಿನ ಮೊದಲ ಪ್ರಯಾಣ ಮುಗಿಸಿ ಬೋಟು ದಕ್ಕೆಗೆ ಬಂದ ದಿನ ನಾನೂ ಅಲ್ಲಿದ್ದೆ. ಮೀನಿನ ಬುಟ್ಟಿಗಳು ಮೇಲಕ್ಕೆ ಬರುತ್ತಿರುವಾಗಲೇ ಅವನು ಟಾರ್ಚು ಹಿಡಿದು ಎಂಜಿನ್ ಕೋಣೆಗೆ ಇಳಿದ. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ ಅವನ ದನಿ ಕೇಳಿಸಿತು: “ಗೆರೆ ನೇರವೇ ಉಂಟು ಮಾಷ್ಟ್ರೇ.”