ಹಿಂದಿನ ಆಸನದ ಯೋಧ

ವಿಮಾನ ನಡೆಸಲು ಬಲ್ಲ ತರುಣನೊಬ್ಬನನ್ನು ಯುದ್ಧದ ತುರ್ತಿನ ಕಾಲದಲ್ಲಿ ವಾಯುಸೇನೆಯು ಚಾಲಕನ ಆಸನದಿಂದ ದೂರವಿರಿಸಿ, ನಕ್ಷೆ, ದಿಕ್ಸೂಚಿ, ಗಣಿತಗಳ ವಿದ್ಯೆಗೆ ನಿಯೋಜಿಸಿತೆಂಬ ಸಂಗತಿಯನ್ನು ಓದಿದಂದಿನಿಂದ ಅದು ನನ್ನ ಚಿತ್ತವನ್ನು ಬಿಟ್ಟು ಕದಲಿಲ್ಲ. ಆ ತರುಣ ಪ್ರತಾಪ ಚಂದ್ರ ಲಾಲ್. ಹದಿಹರೆಯದಲ್ಲಿಯೇ ದೆಹಲಿಯಲ್ಲಿ ವಿಮಾನ ನಡೆಸಲು ಕಲಿತು, ಲಂಡನ್ನಿನಲ್ಲಿ ವ್ಯಾಸಂಗಮಾಡಿ, 1939ರ ನವೆಂಬರಿನಲ್ಲಿ ವಾಯುಸೇನೆಯ ಅಧಿಕಾರಿಯಾದ ಲಾಲರು ಮೊದಲು ಪಡೆದ ಶಿಕ್ಷಣ ನ್ಯಾವಿಗೇಟರನದು. ಮುಂದೆ ಅದೇ ವಿದ್ಯೆಯನ್ನು ಇತರರಿಗೆ ಬೋಧಿಸುವ ಭಾರವೂ ಅವರದಾಯಿತು. 1971ರ ಯುದ್ಧದಲ್ಲಿ ಭಾರತೀಯ ವಾಯುಸೇನೆಯ ಮಹಾದಂಡನಾಯಕರಾಗಿದ್ದವರೆಂದು ಅವರನ್ನು ನೆನೆಯುವವರು ಬಹುಮಂದಿ. ಅವರ ಸೈನಿಕ ಜೀವನದ ಪ್ರಥಮಾಧ್ಯಾಯ ವಿಮಾನದಲ್ಲಿ ಎರಡನೆಯವನ ಕಸುಬಿನದಾಗಿತ್ತೆಂದು ಬಲ್ಲವರು ವಿರಳ.

ಆ ಕಸುಬು ಹುಟ್ಟಿದ್ದು ಮೊದಲನೆಯ ಮಹಾಯುದ್ಧದ ಆಕಾಶದಲ್ಲಿ. ಅಂದಿನ ಸೇನೆಗಳಿಗೆ ವಿಮಾನದಿಂದ ಮೊದಲು ಬೇಕಾಗಿದ್ದುದು ಶತ್ರುವಿನ ಕಂದಕ ಎಲ್ಲಿದೆ, ತಮ್ಮ ಫಿರಂಗಿಯ ಗುಂಡು ಎಲ್ಲಿ ಬಿತ್ತು ಎಂಬ ಸುದ್ದಿ. ಆದುದರಿಂದ ಕಣ್ಣಾಗಿ ಕುಳಿತ ವೀಕ್ಷಕನೇ ವಿಮಾನದ ಸಾರ್ಥಕ್ಯವೆನಿಸಿದ್ದನು. ನೆಲವನ್ನು ನಕ್ಷೆಯೊಡನೆ ಹೋಲಿಸುವುದು, ತಂತಿಯಿಲ್ಲದ ಯಂತ್ರದಲ್ಲಿ ಮೋರ್ಸ್ ಸಂಕೇತಗಳನ್ನು ಬಡಿಯುವುದು, ವೈರಿ ಬೆನ್ನಟ್ಟಿ ಬಂದರೆ ಲೂಯಿಸ್ ಬಂದೂಕನ್ನು ತಿರುಗಿಸಿ ನಿಲ್ಲುವುದು, ಇವೆಲ್ಲವೂ ಒಬ್ಬನದೇ ಹೊಣೆ. ಚಾಲಕನಿಗೆ ಗುಂಡು ತಗುಲಿದರೆ ಅವನ ಸಂಗಡ ಇವನೂ ನೆಲಕ್ಕೆ ಬೀಳಬೇಕು, ಏಕೆಂದರೆ ಬ್ರಿಟಿಷ್ ವಿಮಾನಗಳ ಸಿಬ್ಬಂದಿಗೆ ಆಗ ಧುಮುಕುಕೊಡೆಯೂ ಇರಲಿಲ್ಲ. ಚಾಲಕನ ಎದೆಯ ಮೇಲೆ ಎರಡು ರೆಕ್ಕೆಗಳ ಲಾಂಛನ, ವೀಕ್ಷಕನ ಎದೆಯ ಮೇಲೆ 'ಓ' ಅಕ್ಷರಕ್ಕೆ ಅಂಟಿಸಿದ ಒಂದೇ ರೆಕ್ಕೆ. ಅಪಾಯವನ್ನು ಸಮಭಾಗವಾಗಿ ಹಂಚಿಕೊಂಡವರಿಗೆ ಗೌರವವನ್ನು ಸಮಭಾಗವಾಗಿ ಹಂಚದ ಈ ಪದ್ಧತಿ ನನಗೆ ಅನ್ಯಾಯವಾಗಿಯೇ ತೋರುತ್ತದೆ. ಜರ್ಮನಿಯ ಪ್ರಖ್ಯಾತ ವೈಮಾನಿಕ ರಿಖ್ಟ್‌ಹೋಫೆನ್ ಕೂಡ 1915ರಲ್ಲಿ ವೀಕ್ಷಕನಾಗಿಯೇ ಆಕಾಶವನ್ನೇರಿದವನು. ಆದರೆ ಲೋಕ ಅವನನ್ನು ಸ್ಮರಿಸುವುದು ಆ ಆಸನವನ್ನು ಬಿಟ್ಟ ನಂತರ ಗಳಿಸಿದ ಕೀರ್ತಿಗಾಗಿ.

ಭಾರತೀಯರ ವಾಯುದಳ 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ನಾಲ್ಕು ವ್ಯಾಪಿಟಿ ವಿಮಾನಗಳಿಂದ ಆರಂಭವಾದಾಗ, ಕೆಳದರ್ಜೆಯ ಸೈನಿಕರನ್ನು 'ಹವಾಯಿ ಸಿಪಾಯಿ'ಗಳೆಂದು ಕರೆದರು. ಎಂಜಿನ್ನನ್ನು ಬಿಚ್ಚಿ ಕಟ್ಟುವ ಕೆಲಸದವರಿಂದಲೇ ಗನ್ನರುಗಳನ್ನು ಆರಿಸಿಕೊಳ್ಳುವ ರೂಢಿ ಆ ಕಾಲದ್ದು. ಬೆಳಗ್ಗೆ ಕೈಗೆ ಎಣ್ಣೆ ಮೆತ್ತಿಕೊಂಡವನು ಮಧ್ಯಾಹ್ನ ಹಿಂದಿನ ಆಸನದಲ್ಲಿ ಬಂದೂಕು ಹಿಡಿದು ವಾಯವ್ಯ ಗಡಿಯ ಕಣಿವೆಗಳ ಮೇಲೆ ಹಾರಬೇಕಾಗಿದ್ದಿತು. 1942ರ ಆದಿಯಲ್ಲಿ ಇದೇ ಮೊದಲನೆಯ ದಳವು ಮಜುಂದಾರರ ನಾಯಕತ್ವದಲ್ಲಿ ಲೈಸಾಂಡರ್ ವಿಮಾನಗಳೊಡನೆ ಬರ್ಮಾಕ್ಕೆ ಹೋಯಿತು. ಭೂಸೇನೆಯೊಡನೆ ಸಹಕರಿಸಲೆಂದು ನಿರ್ಮಿತವಾದ ಆ ಮಂದಗತಿಯ ವಿಮಾನಗಳಿಗೆ ಬಾಂಬುಗಳನ್ನು ತಗುಲಿಸಿ ಜಪಾನೀಯರ ನೆಲೆಗಳ ಮೇಲೆ ಎರಗಿದ ಸಾಹಸದಿಂದ ಮಜುಂದಾರರ ಹೆಸರು ಚಿರಸ್ಥಾಯಿಯಾಯಿತು. ಅದೇ ವರ್ಷ ಬ್ರಿಟಿಷ್ ವಾಯುಸೇನೆ ವೀಕ್ಷಕನೆಂಬ ಹಳೆಯ ವರ್ಗವನ್ನೇ ಒಡೆದು, ದಾರಿ ತೋರುವವನೊಬ್ಬ, ಬಾಂಬು ಗುರಿಯಿಡುವವನೊಬ್ಬ ಎಂದು ಬೇರ್ಪಡಿಸಿತು.

ಆದರೂ ಎರಡೇ ಆಸನದ ವಿಮಾನದಲ್ಲಿ ಕೆಲಸವನ್ನು ಹಂಚಿಕೊಳ್ಳಲು ಮೂರನೆಯವನು ಎಲ್ಲಿ? ಲಾಲರು ಸೇರಿದ ಏಳನೆಯ ದಳಕ್ಕೆ ದೊರೆತದ್ದು ಅಮೆರಿಕದ ವಲ್ಟೀ ವೆಂಜನ್ಸ್. ನೆಟ್ಟಗೆ ಕೆಳಮುಖವಾಗಿ ಧುಮುಕುವಾಗ ಅತ್ತಿತ್ತ ಸರಿಯದಿರುವಂತೆ ರೆಕ್ಕೆಯ ಕೋನವನ್ನು ಅಳವಡಿಸಿದ್ದ ಈ ಭಾರೀ ವಿಮಾನದಲ್ಲಿ ಉದ್ದನೆಯ ಗಾಜಿನ ಮೇಲ್ಛಾವಣಿಯಡಿ ಮುಂದೆ ಚಾಲಕ, ಹಿಂದೆ ನ್ಯಾವಿಗೇಟರನೂ ಗನ್ನರನೂ ಆದ ಒಬ್ಬನೇ. 1944ರಲ್ಲಿ ಜಪಾನೀಯರು ಇಂಫಾಲವನ್ನು ಮುತ್ತಿದಾಗ ಈ ದಳ ಅಸ್ಸಾಮಿನ ಸಿಲ್ಚರ್ ಸಮೀಪದ ಉದಾರ್‌ಬಂದ್ ನೆಲೆಯಿಂದ ಹೋರಾಡಿತು. ಮಳೆಗಾಲದ ಬೆಟ್ಟಗಳ ಮೇಲೆ ಹಾರುವುದೆಂದರೇನೆಂಬುದನ್ನು ಶ್ರಾವಣದ ಮಂಜಿನಲ್ಲಿ ಆಗುಂಬೆಯ ಘಟ್ಟವಿಳಿದವರು ಊಹಿಸಬಲ್ಲರು: ಅಲ್ಲಿ ರಸ್ತೆಯ ಅಂಚೊಂದಾದರೂ ಕೈಗೆ ಸಿಗುತ್ತದೆ, ಇಲ್ಲಿ ಮೋಡದೊಳಗಣ ಶಿಖರವನ್ನು ತಪ್ಪಿಸಲು ಇರುವುದು ಗಡಿಯಾರ, ದಿಕ್ಸೂಚಿ, ಹಿಂದೆ ಕುಳಿತವನ ಲೆಕ್ಕಾಚಾರ. ಆ ವಿದ್ಯೆಯನ್ನು ಬೋಧಿಸಿದ ಲಾಲರು ಈಗ ಮುಂದಿನ ಆಸನದಲ್ಲಿದ್ದರು; ದಳದ ನಾಯಕರಾಗಿ 1945ರಲ್ಲಿ ಡಿ.ಎಫ್.ಸಿ. ಪದಕಕ್ಕೆ ಪಾತ್ರರಾದರು.

ಈ ವಲ್ಟೀ ಕಂಪನಿಯ ಹೆಸರಿಗೆ ನಮ್ಮ ಮೈಸೂರು ಸಂಸ್ಥಾನದೊಡನೆಯೂ ನಂಟಿದೆ. ವಾಲ್‌ಚಂದ್ ಹೀರಾಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿಸಿದಾಗ, ದಿವಾನ್ ಮಿರ್ಜಾ ಇಸ್ಮಾಯಿಲರ ಸರಕಾರ ಅದರಲ್ಲಿ ಹಣ ತೊಡಗಿಸಿತು. ಅಲ್ಲಿ ತಯಾರಿಸಬೇಕೆಂದು ಸಂಕಲ್ಪಿಸಿದ್ದ ವಿಮಾನಗಳಲ್ಲಿ ವಲ್ಟೀಯ ದಾಳಿವಿಮಾನವೂ ಒಂದಾಗಿತ್ತು. ಯುದ್ಧ ಹತ್ತಿರವಾದಂತೆ ನಿರ್ಮಾಣದ ಕನಸು ಹಿಂದಾಗಿ ದುರಸ್ತಿಯೇ ಮುಂದಾಯಿತು. ಪಕ್ಕಗಳಲ್ಲಿ ಗನ್ನರುಗಳಿಗೆಂದು ಗಾಜಿನ ಗುಮ್ಮಟಗಳಿದ್ದ ಕ್ಯಾಟಲೀನಾ ವಿಮಾನಗಳು ದುರಸ್ತಿಗಾಗಿ ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿದವು.  

ಲಾಲರು 1966ರಿಂದ 1969ರವರೆಗೆ ಬೆಂಗಳೂರಿನ ಆ ಕಾರ್ಖಾನೆಯ ಮುಖ್ಯಸ್ಥರಾಗಿದ್ದರು. ಆಗ ಅಲ್ಲಿ ಸಿದ್ಧವಾಗುತ್ತಿದ್ದ ಯುದ್ಧವಿಮಾನಗಳಾದ ನ್ಯಾಟ್, ಮಾರುತ್‌ಗಳಲ್ಲಿ ಒಂದೇ ಆಸನ. ಬೆನ್ನ ಹಿಂದೆ ಬಂದೂಕು ಹಿಡಿದು ಕುಳಿತವನಿಗೆ ಅಲ್ಲಿ ಎಡೆಯೇ ಇರಲಿಲ್ಲ. ಯಂತ್ರಗಳ ವೇಗ ಹೆಚ್ಚಿದಂತೆ ಕಸುಬೊಂದು ಅಳಿಯುವುದು ಸಹಜವೆಂದು ಒಪ್ಪಬಲ್ಲೆ. ಆದರೆ ಅದನ್ನು ಆಚರಿಸಿದವರ ನೆನಪೂ ಅದರೊಡನೆ ಅಳಿಯಬೇಕೆಂಬುದನ್ನು ಒಪ್ಪಲಾರೆ. ನಮ್ಮ ಮಲೆನಾಡಿನಲ್ಲಿ ಎರಡನೆಯ ಮಹಾಯುದ್ಧದ ಮಾತು ಬಂದರೆ ಅಕ್ಕಿಯ ಲೆವಿ, ಸೀಮೆಎಣ್ಣೆಯ ಅಭಾವಗಳ ಕತೆ ಕೇಳುತ್ತೇವೆ. ಸೇನೆಗೆ ಹೋದ ಅಜ್ಜನಿದ್ದರೆ 'ಮಿಲಿಟರಿಯಲ್ಲಿದ್ದರು' ಎಂಬ ಒಂದೇ ಶಬ್ದದಲ್ಲಿ ಅವರ ಆಯುಷ್ಯದ ಅತ್ಯಂತ ಕಠಿಣವಾದ ಭಾಗವನ್ನು ಮುಗಿಸಿಬಿಡುತ್ತೇವೆ. ಯಾವ ದಳ, ಯಾವ ದರ್ಜೆ, ಯಾವ ಕೆಲಸ ಎಂದು ಕೇಳುವ ಸೌಜನ್ಯ ನಮ್ಮಲ್ಲಿ ಬೆಳೆಯಲಿಲ್ಲ.

ಸೇನೆಯಿಂದ ಬಿಡುಗಡೆಯಾದವನಿಗೆ ಕೊಡುವ ಪತ್ರದಲ್ಲಿ ಅವನ ಕಸುಬಿನ ಹೆಸರು ಬರೆದಿರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಅಂತಹ ಕಾಗದವೊಂದಿದ್ದರೆ ಮಳೆಗಾಲದ ತೇವ ಅದನ್ನು ನುಂಗುವ ಮುನ್ನ ಪ್ರತಿಮಾಡಿ ಇಡಬೇಕು. ತಾಲೂಕಿನ ಗ್ರಂಥಾಲಯಗಳು ಅದನ್ನು ಆದರದಿಂದ ಸ್ವೀಕರಿಸಬೇಕು. ಪದಕ ಪಡೆದವರ ಚರಿತ್ರೆಯನ್ನು ಸರಕಾರಗಳು ಬರೆದುಕೊಳ್ಳುತ್ತವೆ. ಅವರ ಬೆನ್ನು ಕಾಯ್ದವರ ಚರಿತ್ರೆಯನ್ನು ಅವರವರ ಊರೇ ಬರೆಯಬೇಕು.