ಮುಸ್ಸಂಜೆಯ ಎಣಿಕೆ: ಬಾವಲಿಗಳ ನಿರ್ಗಮನ ಸಮೀಕ್ಷೆಯ ವಿಧಾನಗಳು

ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯೊಂದರಲ್ಲಿ ವಾಸಿಸುವ ಕೋಲಾರದ ಎಲೆಮೂಗಿನ ಬಾವಲಿಯನ್ನು 1994ರಲ್ಲಿ ಕಾಕ್ ಮತ್ತು ಭಟ್ ಅವರು ಹೊಸ ಪ್ರಭೇದವೆಂದು ವಿವರಿಸಿದರು. 2016ರಲ್ಲಿ ಅದು ಅತ್ಯಂತ ಅಪಾಯದಲ್ಲಿರುವ ಪ್ರಾಣಿಗಳ ಸಾಲಿಗೆ ಸೇರಿತು; ಅಂದಿನ ಅಂದಾಜು 200ಕ್ಕೂ ಕಡಿಮೆ. ಇಂತಹ ನೆಲೆಯೊಳಗೆ ದೀಪ ಹಿಡಿದು ಎಣಿಸಲು ಹೋಗುವುದು ಸಲ್ಲದು. ಬೆದರಿದ ತಾಯಂದಿರಿಂದ ಮರಿಗಳು ಕಳಚಿ ಬೀಳುತ್ತವೆ. ಕೆಲವೊಮ್ಮೆ ಸಮೂಹವೇ ಗುಹೆಯನ್ನು ತೊರೆಯುತ್ತದೆ. ಆದ್ದರಿಂದ ಅವು ಮೇಯಲು ಹೊರಡುವ ಮುಸ್ಸಂಜೆಯಲ್ಲಿ ಹೊರಗೆ ಕುಳಿತು ಎಣಿಸುವ ವಿಧಾನವೇ ಯೋಗ್ಯವಾದುದು.

ಇದರ ಮೊದಲ ಕೆಲಸ ಹಗಲಿನದು. ಗುಹೆಯ ದ್ವಾರಗಳನ್ನೂ ಬಂಡೆಯ ಬಿರುಕುಗಳನ್ನೂ ಗುರುತಿಸಿ, ಪ್ರತಿಯೊಂದಕ್ಕೂ ಒಬ್ಬ ವೀಕ್ಷಕರನ್ನು ನಿಯೋಜಿಸಬೇಕು. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚಿತವಾಗಿ, ಹಾರುವ ದಾರಿಗೆ ಅಡ್ಡವಾಗದಂತೆ ಬದಿಯಲ್ಲಿ ಕುಳಿತು, ಬಾನಿನ ಹಿನ್ನೆಲೆಯಲ್ಲಿ ಆಕೃತಿಗಳು ಕಾಣುವಂತೆ ನೋಡಬೇಕು. ಹೊರಬಂದವುಗಳನ್ನೂ ಒಳಹೋದವುಗಳನ್ನೂ ಬೇರೆಬೇರೆಯಾಗಿ ನಿಮಿಷವಾರು ದಾಖಲಿಸಿ, ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಬೇಕು. ಬಾವಲಿಗಳು ಬಾಗಿಲಲ್ಲೇ ಸುತ್ತಿ ಮರಳಿ ಒಳಸೇರುವುದುಂಟು. ಕಳೆಯಲು ಮರೆತರೆ ಒಂದೇ ಪ್ರಾಣಿ ನಾಲ್ಕಾಗುತ್ತದೆ. ಮಳೆ, ಬಿರುಗಾಳಿಯ ಸಂಜೆಗಳನ್ನು ಬಿಡಬೇಕು. ಹಾರಲಾರದ ಮರಿಗಳು ಈ ಲೆಕ್ಕಕ್ಕೆ ಸಿಗುವುದಿಲ್ಲವೆಂಬುದನ್ನೂ ವರದಿಯಲ್ಲಿ ಕಾಣಿಸಬೇಕು.

ಸಮೂಹ ದೊಡ್ಡದಾದಂತೆ ಕಣ್ಣು ಸೋಲುತ್ತದೆ. ಅಮೆರಿಕದ ನೈರುತ್ಯ ಭಾಗದ ಆರು ಗುಹೆಗಳಲ್ಲಿ 5.4 ಕೋಟಿ ಬಾವಲಿಗಳಿವೆಯೆಂದು 1957ರಲ್ಲಿ ಅಂದಾಜಿಸಲಾಗಿತ್ತು. ದೇಹದ ಶಾಖವನ್ನು ಚಿತ್ರಿಸುವ ಕ್ಯಾಮೆರಾ ಹಾಗೂ ಗಣಕಯಂತ್ರದ ನೆರವಿನಿಂದ ನಡೆದ, 2008ರಲ್ಲಿ ಪ್ರಕಟವಾದ ಎಣಿಕೆಯಲ್ಲಿ ದೊರೆತದ್ದು ಸುಮಾರು 40 ಲಕ್ಷ! ಇದು ಸಂಖ್ಯೆಯ ಕುಸಿತವೋ ಹಳೆಯ ಅಂದಾಜಿನ ದೋಷವೋ ಎಂದು ಬರಿಯ ಅಂಕಿಗಳಿಂದ ನಿರ್ಣಯಿಸಲಾಗದು. ವಿಧಾನ ಬದಲಾದಾಗ ಅಂಕಿಗಳ ಹೋಲಿಕೆ ಎಷ್ಟು ದುರ್ಬಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹನುಮನಹಳ್ಳಿಯ ತೊಡಕು ಬೇರೆ ಬಗೆಯದು. ಅಲ್ಲಿ ಇತರ ಎಲೆಮೂಗಿನ ಪ್ರಭೇದಗಳೂ ಒಂದೇ ಗುಹೆಯಲ್ಲಿವೆ; ಹಾರುವಾಗ ಇದು ಯಾವುದೆಂದು ಕಣ್ಣಿಗೆ ತಿಳಿಯದು. ಈ ಗುಂಪಿನ ಪ್ರತಿ ಪ್ರಭೇದವೂ ಹೆಚ್ಚುಕಡಿಮೆ ಸ್ಥಿರವಾದ ಆವೃತ್ತಿಯಲ್ಲಿ, ಮನುಷ್ಯನ ಕಿವಿಗೆ ನಿಲುಕದ ಧ್ವನಿಯನ್ನು ಹೊರಡಿಸುವುದರಿಂದ, ಶ್ರವಣಾತೀತ ಧ್ವನಿಗ್ರಾಹಕವು ಪ್ರಭೇದವನ್ನು ತಿಳಿಸಬಲ್ಲದು. ಆದರೆ ಅದು ತಲೆಗಳನ್ನು ಎಣಿಸದು: ಮೂರು ಬಾರಿ ಸುಳಿದ ಒಂದು ಬಾವಲಿ ಮೂರು ದಾಖಲೆಗಳನ್ನು ಬಿಡುತ್ತದೆ. ಇಷ್ಟು ಎತ್ತರದ ಆವೃತ್ತಿಯ ಧ್ವನಿ ಗಾಳಿಯಲ್ಲಿ ಬೇಗನೆ ಅಡಗುವುದರಿಂದ ಉಪಕರಣ ದ್ವಾರದ ಸಮೀಪದಲ್ಲೇ ಇರಬೇಕು. ಅವಕೆಂಪು ಬೆಳಕಿನ ವಿಡಿಯೊ ಮತ್ತು ಧ್ವನಿಮುದ್ರಣಗಳೆರಡರ ಗಡಿಯಾರಗಳನ್ನು ಮೊದಲೇ ಒಂದೇ ಸಮಯಕ್ಕೆ ಹೊಂದಿಸಿಕೊಂಡರೆ, ಚಿತ್ರದಲ್ಲಿ ಕಂಡ ಪ್ರಾಣಿಗೆ ಅದರ ಕೂಗನ್ನು ಜೋಡಿಸಲು ಸಾಧ್ಯ. ಇನ್ನೂರರೊಳಗಿನ ಪ್ರಾಣಿಗಳಲ್ಲಿ ಇಪ್ಪತ್ತನ್ನು ತಪ್ಪಾಗಿ ಗುರುತಿಸಿದರೆ, ಪ್ರಭೇದದ ಹತ್ತನೆಯ ಒಂದು ಭಾಗವೇ ಲೆಕ್ಕದಿಂದ ತಪ್ಪಿಹೋಗುತ್ತದೆ.